ಲಾರಿಗೂ ಸ್ಕೂಟರಿಗೂ ಒಂದೇ ಫೋರ್ಸ್ ಅಂತೆ, ನನಗಂತೂ ಗಂಟಲಲ್ಲಿ ಇಳೀತಿಲ್ಲ

ಹತ್ತು ಗಾಲಿ (ಸಂಡೂರು)
ಎಲ್ಲರಿಗೂ ನಮಸ್ಕಾರ. ನಾನು ಟಿಪ್ಪರ್ ಓಡಿಸುತ್ತೇನೆ, 19 ವರ್ಷ ಆಯಿತು. ಅದಿರು ಹೊಡೆಯುವುದೇ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. ಮಗಳು ಈ ವರ್ಷ ಫಸ್ಟ್ ಪಿಯು ಸೈನ್ಸ್, ಬಳ್ಳಾರಿಯಲ್ಲಿ ಹಾಸ್ಟೆಲ್. ಭಾನುವಾರ ಮನೆಗೆ ಬಂದಾಗ ಒಂದು ಟೆಸ್ಟ್ ಪೇಪರ್ ತೋರಿಸಿದಳು. ಪ್ರಶ್ನೆ ಇಷ್ಟೇ: ಲೋಡ್ ಲಾರಿ ಬಂದು ನಿಂತ ಸ್ಕೂಟರಿಗೆ ಗುದ್ದಿತು, ಯಾವುದರ ಮೇಲೆ ಜಾಸ್ತಿ ಬಲ ಬಿತ್ತು? ಅವಳು ಸ್ಕೂಟರ್ ಅಂತ ಬರೆದಿದ್ದಾಳೆ. ನಾನಾದರೂ ಅದನ್ನೇ ಬರೆಯುತ್ತಿದ್ದೆ. ಮೇಲೆ ಕೆಂಪು ಗೆರೆ! ಎರಡಕ್ಕೂ ಸಮ ಅಂತೆ.

ಇಂಥ ಗುದ್ದು ನಾನು ರೋಡಲ್ಲಿ ಕಣ್ಣಾರೆ ನೋಡಿದ್ದೇನೆ. ಲಾರಿ ಬಂಪರಿಗೆ ಒಂದು ಗೀರು, ಸ್ಕೂಟರ್ ಸೀದಾ ಗುಜರಿಗೆ. ಇದು ಸಮ ಹೇಗೆ ಆಗುತ್ತದೆ? ಬಲ್ಲವರು ಬಿಡಿಸಿ ಹೇಳಿ. ನ್ಯೂಟನ್ ಹೇಳಿದ್ದಾನೆ ಅಂತ ಮಾತ್ರ ಹೇಳಬೇಡಿ. ನ್ಯೂಟನ್ ಸಂಡೂರು ಘಾಟಿನಲ್ಲಿ ಲೋಡ್ ಗಾಡಿ ಇಳಿಸಿಲ್ಲ.

ಲಾಸ್ಟ್ ಬೆಂಚ್ (ಗಂಗಾವತಿ)
ಅಣ್ಣಾ, ಮೂರನೇ ನಿಯಮ. ಕ್ರಿಯೆ ಪ್ರತಿಕ್ರಿಯೆ ಸಮ, ದಿಕ್ಕು ಉಲ್ಟಾ. ಮುಗೀತು.

ಹತ್ತು ಗಾಲಿ (ಸಂಡೂರು)
ಅದನ್ನೇ ಬೇಡ ಅಂದಿದ್ದು ತಮ್ಮಾ.

ಕರಿಹಲಗೆ (ರಾಯಚೂರು)
ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತಳಾದವಳು. ನಿಯಮದ ಹೆಸರು ಹೇಳುವುದಿಲ್ಲ, ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಬಾಗಿಲ ಮುಂದೆ ಕಾಯಿ ಒಡೆಯುತ್ತೀರಲ್ಲ, ಕಾಯಿ ಹೋಳಾಗುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ. ಹಾಗಂತ ಕಲ್ಲೇ ಕಾಯಿಗೆ ಜೋರಾಗಿ ಹೊಡೆಯಿತು, ಕಾಯಿ ಕಲ್ಲಿಗೆ ಮೆಲ್ಲಗೆ ಹೊಡೆಯಿತು ಅನ್ನುತ್ತೀರಾ? ಇಬ್ಬರ ನಡುವೆ ಆಗಿದ್ದು ಒಂದೇ ಹೊಡೆತ. ತಡೆದುಕೊಳ್ಳುವ ತಾಕತ್ತು ಮಾತ್ರ ಬೇರೆ. ನೀವು ನೋಡಿದ ಗೀರು ಮತ್ತು ಗುಜರಿ ಹೇಳುವುದು ಯಾರಿಗೆ ಎಷ್ಟು ಪೆಟ್ಟಾಯಿತು ಅನ್ನುವುದನ್ನು. ಬಲ ಎಷ್ಟು ಬಿತ್ತು ಅನ್ನುವುದನ್ನಲ್ಲ.

ಈಗ ಲೆಕ್ಕ. ನಿಮ್ಮ ಗಾಡಿ ಲೋಡ್ ಸೇರಿ 28 ಟನ್ ಅಂತ ಇಟ್ಟುಕೊಳ್ಳೋಣ. ವೇಗ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್. ಸ್ಕೂಟರ್ 100 ಕೆಜಿ, ಮೇಲೆ ಯಾರೂ ಕೂತಿಲ್ಲ. ಗುದ್ದಿದ ಮೇಲೆ ಸ್ಕೂಟರ್ ಬಂಪರಿಗೆ ಸಿಕ್ಕಿಕೊಂಡು ಜೊತೆಗೇ ಹೋಯಿತು ಅನ್ನೋಣ. ಆಗ ಎರಡರ ವೇಗ ಸೆಕೆಂಡಿಗೆ 9.96 ಮೀಟರ್ ಚಿಲ್ಲರೆ. ಲಾರಿ ಕಳೆದುಕೊಂಡಿದ್ದು ಗಂಟೆಗೆ 0.13 ಕಿಲೋಮೀಟರ್. ನಿಮ್ಮ ಮೀಟರ್ ಮುಳ್ಳು ಅಲುಗುವುದೂ ಇಲ್ಲ. ಸ್ಕೂಟರ್ ಮಾತ್ರ ಸೊನ್ನೆಯಿಂದ ಸುಮಾರು 36ಕ್ಕೆ ಹಾರಿತು.

ಈ ಎರಡು ವೇಗ ಬದಲಾವಣೆಯನ್ನೂ ಸೆಕೆಂಡಿಗೆ ಮೀಟರ್ ಲೆಕ್ಕಕ್ಕೆ ತಂದು, ಅವುಗಳ ರಾಶಿಯಿಂದ, ಅಂದರೆ ಎಷ್ಟು ಕೆಜಿಯೋ ಅದರಿಂದ, ಗುಣಿಸಿ ನೋಡಿ. ಲಾರಿ ಕಳೆದುಕೊಂಡಿದ್ದು 996, ಸ್ಕೂಟರ್ ಗಳಿಸಿದ್ದು 996. ಇದು ಪುಸ್ತಕದ ಸಂವೇಗ, ಕೆಜಿ ಗುಣಿಸು ಮೀಟರ್ ಭಾಗಿಸು ಸೆಕೆಂಡ್ ಲೆಕ್ಕದಲ್ಲಿ. ಡಿಕ್ಕಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯಿತು ಅಂದರೆ ಇಬ್ಬರ ಮೇಲೂ ಬಿದ್ದ ಬಲ ಹತ್ತಿರ ಹತ್ತಿರ 10,000 ನ್ಯೂಟನ್, ಒಂದು ಟನ್ ತೂಕದಷ್ಟು. 28 ಟನ್ನಿನವನಿಗೆ ಅದು ಗೀರು. 100 ಕೆಜಿಯವನಿಗೆ ಗುಜರಿ.

ಹತ್ತು ಗಾಲಿ (ಸಂಡೂರು)
ಮೇಡಂ, ಕಾಯಿ ಮಾತು ತಲೆಗೆ ಹೋಯಿತು. ಲೆಕ್ಕವನ್ನು ಮಗಳಿಗೆ ಫಾರ್ವರ್ಡ್ ಮಾಡಿದ್ದೇನೆ. ಆದರೂ ಒಂದು ಅನುಮಾನ ಉಳಿಯಿತು. ಬಲ ಎರಡಕ್ಕೂ ಸಮ, ದಿಕ್ಕು ಉಲ್ಟಾ ಅಂದರೆ ಒಂದಕ್ಕೊಂದು ವಜಾ ಆಗಿ ಸೊನ್ನೆ ಆಗಬೇಕಲ್ವಾ? ಹಾಗಾದರೆ ಯಾವುದೂ ಅಲುಗಲೇಬಾರದು.

ಕರಿಹಲಗೆ (ರಾಯಚೂರು)
ಇದನ್ನು ಕೇಳದ ವಿದ್ಯಾರ್ಥಿ ನನಗೆ ಸಿಕ್ಕೇ ಇಲ್ಲ. ಒಬ್ಬರ ಜೇಬಿನ ಸಾಲ ಇನ್ನೊಬ್ಬರ ಜೇಬಿನ ಹಣಕ್ಕೆ ವಜಾ ಆಗುತ್ತದಾ? ಒಂದು ಬಲ ಸ್ಕೂಟರಿನ ಮೇಲೆ ಬಿದ್ದಿದೆ, ಇನ್ನೊಂದು ಲಾರಿಯ ಮೇಲೆ. ಕೂಡಿ ಕಳೆಯುವುದಾದರೆ ಒಂದೇ ವಸ್ತುವಿನ ಮೇಲೆ ಬಿದ್ದ ಬಲಗಳನ್ನು ಮಾತ್ರ.

ಕಾರಹುಣ್ಣಿಮೆಗೆ ನಮ್ಮ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ಇರುತ್ತದೆ, ನೋಡಿರಬಹುದು. ಎತ್ತು ಕಲ್ಲನ್ನು ಎಷ್ಟು ಜಗ್ಗುತ್ತದೋ ಕಲ್ಲು ಎತ್ತನ್ನು ಹಿಂದಕ್ಕೆ ಅಷ್ಟೇ ಜಗ್ಗುತ್ತದೆ. ಕಲ್ಲು ಸರಿಯುತ್ತದಾ ಇಲ್ಲವಾ ಎಂದು ತಿಳಿಯಲು ಕಲ್ಲಿನ ಲೆಕ್ಕ ಮಾತ್ರ ನೋಡಬೇಕು: ಮುಂದಕ್ಕೆ ಹಗ್ಗದ ಜಗ್ಗು, ಹಿಂದಕ್ಕೆ ನೆಲದ ಘರ್ಷಣೆ. ಎತ್ತಿನದು ಬೇರೆ ಲೆಕ್ಕ. ಅದರ ಗೊರಸು ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಎತ್ತನ್ನು ಮುಂದಕ್ಕೆ ತಳ್ಳುತ್ತದೆ. ಮಳೆ ಬಿದ್ದು ಎರೆ ಮಣ್ಣು ಜಾರಿದರೆ ಎಷ್ಟೇ ಗಟ್ಟಿ ಎತ್ತಾದರೂ ಕೆಲಸ ಕೆಡುತ್ತದೆ. ಎತ್ತಿನ ಮೈಯಲ್ಲಿ ಶಕ್ತಿ ಇದೆ, ಆದರೆ ಅದನ್ನು ಮುಂದಕ್ಕೆ ತಳ್ಳಬೇಕಾದ ನೆಲ ಕೈಕೊಟ್ಟಿತು.

ಇನ್ನೊಂದು ಮಜಾ ಇದೆ. ಕಲ್ಲು ಅಲುಗಿಸುವುದೇ ಕಷ್ಟ, ಒಮ್ಮೆ ಅಲುಗಿದ ಮೇಲೆ ಸ್ವಲ್ಪ ಹಗುರ. ನಿಂತ ಕಲ್ಲಿನ ಘರ್ಷಣೆ ಸರಿಯುವ ಕಲ್ಲಿನದಕ್ಕಿಂತ ಹೆಚ್ಚು. ಅದಕ್ಕೇ ಎಲ್ಲರ ಕೂಗು ಮೊದಲ ಜಗ್ಗಿಗೆ.

ಒಂಬತ್ತನೇ ಕ್ಲಾಸು (ಕೊಪ್ಪಳ)
ಹೈಸ್ಕೂಲ್ ಮೇಷ್ಟ್ರು ನಾನು. ಅಡಿಪಾಯ ಹಾಕುವವರು ನಾವೇ, ಬಿರುಕಿಗೂ ನಾವೇ ಕಾರಣ ಅನ್ನಿ. ಮೇಡಂ ಹೇಳಿದ್ದೆಲ್ಲ ಸರಿ. ಆದರೆ ನನಗೆ ಕಾಣುವ ತೊಡಕು ಮಾತಿನಲ್ಲಿದೆ. ಯಜಮಾನರು ಶೀರ್ಷಿಕೆಯಲ್ಲಿ 'ಫೋರ್ಸ್' ಅಂತ ಹಾಕಿದ್ದಾರೆ. ನಾವು ದಿನಾ ಆ ಪದವನ್ನು ಹೇಗೆ ಬಳಸುತ್ತೇವೆ ನೋಡಿ. 'ನಲ್ಲಿಯಲ್ಲಿ ನೀರು ಫೋರ್ಸ್ ಇಲ್ಲ.' 'ಗಾಡಿ ಏನ್ ಫೋರ್ಸಾಗಿ ಬಂತು!' 'ಚೆಂಡಿಗೆ ಫೋರ್ಸ್ ಇತ್ತು, ಕೈ ಉರೀತು.' ಎಲ್ಲ ಕಡೆಯೂ ಫೋರ್ಸ್ ಅಂದರೆ ಓಡುವ ವಸ್ತು ತನ್ನೊಳಗೆ ಹೊತ್ತುಕೊಂಡು ಬರುವ ಏನೋ ಒಂದು. ಪುಸ್ತಕದಲ್ಲಿ ಅದರ ಹೆಸರು ಸಂವೇಗ. ಪುಸ್ತಕದ ಬಲ ಯಾವ ವಸ್ತುವಿನ ಒಳಗೂ ಇರುವುದಿಲ್ಲ. ಇಬ್ಬರು ಮುಟ್ಟಿದಾಗ ಅಥವಾ ಸೆಳೆದಾಗ ನಡುವೆ ಹುಟ್ಟುತ್ತದೆ, ಬಿಟ್ಟಾಗ ಹೋಗುತ್ತದೆ. ಜಗಳ ಇದ್ದ ಹಾಗೆ. ಒಬ್ಬನೇ ಮನೆಯಲ್ಲಿ ಕೂತಿದ್ದಾಗ ಜಗಳ ಎಲ್ಲಿರುತ್ತದೆ?

ಪ್ರಶ್ನೆ ಓದಿದ ಕೂಡಲೇ ಯಜಮಾನರ ಮನಸ್ಸು ಕೇಳಿಕೊಂಡಿದ್ದು 'ಯಾರು ಫೋರ್ಸಾಗಿ ಬಂದರು?' ಅಂತ. ಅದಕ್ಕೆ ಲಾರಿ ಅನ್ನುವುದೇ ಸರಿ ಉತ್ತರ. ಪೇಪರ್ ಕೇಳಿದ್ದು ಮಾತ್ರ ಬೇರೆ.

ಪುಸ್ತಕದ ಕನ್ನಡವೂ ನಮಗೆ ಸಹಾಯ ಮಾಡುವುದಿಲ್ಲ ಬಿಡಿ. ವೇಗ, ಆವೇಗ, ಸಂವೇಗ, ವೇಗೋತ್ಕರ್ಷ (ಸೆಕೆಂಡಿಗೆ ವೇಗ ಎಷ್ಟು ಬದಲಾಯಿತು ಅನ್ನುವುದು). ನಾಲ್ಕೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮಕ್ಕಳು ಒಬ್ಬನನ್ನು ಕರೆದರೆ ಇನ್ನೊಬ್ಬ ಓ ಅನ್ನುತ್ತಾನೆ. ಬಲವನ್ನು ಅದು ಬಿದ್ದ ಹೊತ್ತಿನಿಂದ ಗುಣಿಸಿದರೆ ಬರುವುದು ಆವೇಗ. ಆ ಆವೇಗ ಬದಲಾಯಿಸುವುದು ಸಂವೇಗವನ್ನು. ಒಂದೇ ಅಕ್ಷರದ ವ್ಯತ್ಯಾಸ, ಪರೀಕ್ಷೆಯಲ್ಲಿ ಎರಡು ಮಾರ್ಕು.

ಬಿಸಿಲೂರು (ಬಳ್ಳಾರಿ)
ಸಂವೇಗಕ್ಕೆ 'ರಭಸ' ಅಂದುಬಿಟ್ಟಿದ್ದರೆ ಚೆನ್ನಾಗಿತ್ತು. ಎಲ್ಲರಿಗೂ ಅರ್ಥ ಆಗುತ್ತಿತ್ತು.

ಒಂಬತ್ತನೇ ಕ್ಲಾಸು (ಕೊಪ್ಪಳ)
ನನಗೂ ಆಸೆ. ಆದರೆ ರಭಸ ಅಂದಾಗ ಕಣ್ಣಿಗೆ ಬರುವುದು ವೇಗ ಮಾತ್ರ, ಭಾರ ಬರುವುದಿಲ್ಲ. ಗೂಡ್ಸ್ ರೈಲು ನಡಿಗೆ ವೇಗದಲ್ಲಿ ಬಂದರೆ ಯಾರೂ ರಭಸ ಅನ್ನಲ್ಲ. ಅದರ ಸಂವೇಗವೋ, ದೇವರೇ ಗತಿ.

ಎಡದಂಡೆ (ಮುನಿರಾಬಾದ್)
ಮೇಷ್ಟ್ರ ಮಾತಿಗೆ ಉಲ್ಟಾ ಕಡೆಯಿಂದ ಒಂದು ಉದಾಹರಣೆ. ರಭಸ ಸೊನ್ನೆ, ಬಲ ರಾಕ್ಷಸ. ನಮ್ಮ ತುಂಗಭದ್ರಾ ಡ್ಯಾಮಿನ ಕ್ರೆಸ್ಟ್ ಗೇಟು. 33 ಇವೆ, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಡ್ಯಾಮ್ ತುಂಬಿದಾಗ ಗೇಟಿನ ಹಿಂದೆ ನೀರು ಸುಮ್ನೆ ನಿಂತಿರುತ್ತದೆ. ವೇಗ ಇಲ್ಲ, ಹಾಗಾಗಿ ಸಂವೇಗವೂ ಇಲ್ಲ. ಆದರೆ ಗೇಟಿನ ಮೇಲೆ ಒತ್ತು ಎಷ್ಟು? ಮೇಲೆ ಕಡಿಮೆ, ಬುಡದಲ್ಲಿ ಜಾಸ್ತಿ, ಸರಾಸರಿ ಚದರ ಮೀಟರಿಗೆ ಸುಮಾರು 30,000 ನ್ಯೂಟನ್. ಗೇಟಿನ ವಿಸ್ತೀರ್ಣ ಸುಮಾರು 111 ಚದರ ಮೀಟರ್. ಒಟ್ಟು 33 ಲಕ್ಷ ನ್ಯೂಟನ್. ಅಂದರೆ 340 ಟನ್ ಹತ್ತಿರದ ತೂಕ, ಯಜಮಾನರ ಲೋಡ್ ಗಾಡಿ ಹನ್ನೆರಡು.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ. ಮರುದಿನ ನಾವು ಹೋಗಿ ನೋಡಿದಾಗ ಎಲ್ಲರ ಬಾಯಲ್ಲಿ ಒಂದೇ ಮಾತು, 'ನೀರು ಏನು ಫೋರ್ಸು!' ಅದು ಸಂವೇಗ. ಬಲ ಮೊದಲೂ ಇತ್ತು, ಇಷ್ಟು ವರ್ಷ ಗೇಟು ತಡೆದುಕೊಂಡು ನಿಂತಿತ್ತು. ನಿಂತಿದ್ದಾಗ ನಮ್ಮ ಕಣ್ಣಿಗೆ ಬೀಳಲಿಲ್ಲ ಅಷ್ಟೇ.

ಲಾಸ್ಟ್ ಬೆಂಚ್ (ಗಂಗಾವತಿ)
ಒಂದು ತಪ್ಪೊಪ್ಪಿಗೆ. ಅಣ್ಣನಿಗೆ ಮೂರನೇ ನಿಯಮ ಅಂತ ಜಂಬದಲ್ಲಿ ಹೇಳಿದೆ. ಮೇಷ್ಟ್ರದ್ದು ಓದಿ ಒಂದು ಅನುಮಾನ ಬಂತು. ಚಿನ್ನಿದಾಂಡಿನಲ್ಲಿ ಚಿನ್ನಿ ಮೇಲಕ್ಕೆ ಹಾರುತ್ತಾ ಇದೆ. ಆಗ ಅದರ ಮೇಲೆ ಇರುವ ಬಲಗಳನ್ನು ಬಾಣದಲ್ಲಿ ತೋರಿಸು ಅಂದರೆ ನಾನು ಮೇಲಕ್ಕೆ ಒಂದು ಬಾಣ ಹಾಕುತ್ತಿದ್ದೆ, 'ದಾಂಡು ಕೊಟ್ಟ ಬಲ' ಅಂತ. ಕೆಳಕ್ಕೆ ಇನ್ನೊಂದು, ಭೂಮಿಯ ಸೆಳೆತ. ಮೇಲಿನದು ತಪ್ಪಾ?

ಕರಿಹಲಗೆ (ರಾಯಚೂರು)
ತಪ್ಪು. ದಾಂಡು ಬಿಟ್ಟ ಮೇಲೆ ದಾಂಡಿನ ಬಲ ಮುಗಿಯಿತು. ಗಾಳಿಯ ತಡೆ ಬಿಟ್ಟರೆ ಇರುವುದು ಭೂಮಿಯ ಸೆಳೆತ ಒಂದೇ, ಮೇಲೆ ಹೋಗುವಾಗಲೂ ತುದಿಯಲ್ಲಿ ಕ್ಷಣ ನಿಂತಾಗಲೂ ಕೆಳಗೆ ಬರುವಾಗಲೂ. ಚಿನ್ನಿ ಮೇಲಕ್ಕೆ ಹೋಗುವುದು ಯಾರೂ ತಳ್ಳುತ್ತಿರುವುದರಿಂದಲ್ಲ. ಅದಕ್ಕೆ ಆಗಲೇ ಸಂವೇಗ ಇದೆ. ಭೂಮಿ ಅದನ್ನು ಸ್ವಲ್ಪ ಸ್ವಲ್ಪವಾಗಿ ಕಿತ್ತುಕೊಳ್ಳುತ್ತಿದೆ.

ನಾಚಿಕೆ ಬೇಡ ತಮ್ಮಾ. ಎಸೆದ ವಸ್ತುವಿನೊಳಗೆ ಎಸೆದವನ ಬಲ ಸ್ವಲ್ಪ ಹೊತ್ತು ಉಳಿಯುತ್ತದೆ ಅನ್ನುವುದು ಯುರೋಪಿನ ದೊಡ್ಡ ಪಂಡಿತರೂ ನೂರಾರು ವರ್ಷ ನಂಬಿದ್ದ ಮಾತು. 1992ರಲ್ಲಿ ಅಮೆರಿಕದ ಹೆಸ್ಟೆನೆಸ್ ಮತ್ತು ಅವರ ಜೊತೆಗಾರರು ಬಲದ ಬಗ್ಗೆ ಒಂದು ಪ್ರಶ್ನೆಪತ್ರಿಕೆ ಮಾಡಿದರು. ಲೆಕ್ಕವೇ ಇಲ್ಲ, ಬರೀ ಇಂಥ ಸನ್ನಿವೇಶಗಳು. ಲಾರಿ-ಕಾರು ಡಿಕ್ಕಿಯೂ ಅದರಲ್ಲಿದೆ! ಕಷ್ಟದ ಲೆಕ್ಕ ಬಿಡಿಸುವ ಹುಡುಗರೂ ಅದರಲ್ಲಿ ಎಡವಿದರು. ಹಾರ್ವರ್ಡಿನ ಎರಿಕ್ ಮಜೂರ್ ತಮ್ಮ ಕ್ಲಾಸಿಗೆ ಆ ಪೇಪರ್ ಕೊಟ್ಟಾಗ ಒಬ್ಬ ವಿದ್ಯಾರ್ಥಿ ಕೇಳಿದ್ದು ಏನು ಗೊತ್ತಾ, ನೀವು ಕಲಿಸಿದ ಹಾಗೆ ಬರೆಯಬೇಕಾ, ನನಗೆ ಅನ್ನಿಸಿದ ಹಾಗೆ ಬರೆಯಬೇಕಾ ಅಂತ. ಸಂಡೂರಿನ ಮಗಳು ಅನ್ನಿಸಿದ್ದನ್ನು ಬರೆದಳು. ಅನ್ನಿಸಿದ್ದನ್ನು ಬಚ್ಚಿಟ್ಟು ಸರಿ ಉತ್ತರ ಬಾಯಿಪಾಠ ಬರೆದವರಿಗಿಂತ ಅವಳನ್ನು ತಿದ್ದುವುದು ಸುಲಭ ಅಂತ ನನ್ನ ಅಭಿಪ್ರಾಯ.

ಹತ್ತು ಗಾಲಿ (ಸಂಡೂರು)
ಓದುತ್ತಾ ಇದ್ದೇನೆ. ನಡುವೆ ಎರಡು ಟ್ರಿಪ್ ಆಯಿತು. ಬಲ ಬೇರೆ, ಸಂವೇಗ ಬೇರೆ, ಒಪ್ಪಿದೆ. ನಾನು ಇಷ್ಟು ವರ್ಷ ಕಾಲಿನಲ್ಲಿ ತುಳಿದಿದ್ದು ಸಂವೇಗವನ್ನೇ ಅನ್ನಿಸುತ್ತಿದೆ. ಹಾಗಾದರೆ ಬ್ರೇಕಿನ ಲೆಕ್ಕ ಹೇಳಿ. ಖಾಲಿ ಗಾಡಿ ತಟ್ಟನೆ ನಿಲ್ಲುತ್ತದೆ, ಲೋಡ್ ಗಾಡಿ ನಿಲ್ಲುವುದಿಲ್ಲ. ಎಷ್ಟು ಮುಂಚೆ ತುಳಿಯಬೇಕು ಅನ್ನುವುದು ನಮಗೆ ಅಂದಾಜಿನಲ್ಲೇ ಬರುತ್ತದೆ. ಪುಸ್ತಕ ಏನು ಹೇಳುತ್ತದೆ?

ಲಾಸ್ಟ್ ಬೆಂಚ್ (ಗಂಗಾವತಿ)
ಇದು ನನಗೆ ಬರುತ್ತೆ. ಟೈರಿಗೂ ರೋಡಿಗೂ ನಡುವಿನ ಘರ್ಷಣೆ ಗಾಡಿಯ ತೂಕಕ್ಕೆ ತಕ್ಕಷ್ಟು. ಭಾರ ಎರಡರಷ್ಟಾದರೆ ಘರ್ಷಣೆಯೂ ಎರಡರಷ್ಟು. ಲೆಕ್ಕದಲ್ಲಿ ರಾಶಿ ಹೊಡೆದುಹೋಗುತ್ತದೆ. ಖಾಲಿ ಆಗಲಿ ಲೋಡ್ ಆಗಲಿ, ಒಂದೇ ದೂರದಲ್ಲಿ ನಿಲ್ಲಬೇಕು.

ಹತ್ತು ಗಾಲಿ (ಸಂಡೂರು)
ತಮ್ಮಾ, ಒಂದು ದಿನ ನನ್ನ ಪಕ್ಕ ಕೂತು ಬಾ. ಮನೆಯವರಿಗೆ ಹೇಳಿ ಬಾ.

ಲೈನರ್ ಮೇಸ್ತ್ರಿ (ಬಳ್ಳಾರಿ)
😂 ನಾನು ಲಾರಿ ಬ್ರೇಕ್ ಕೆಲಸ ಮಾಡುವವನು. ಹುಡುಗ ಹೇಳಿದ್ದು ಟೈರ್ ಪೂರಾ ಹಿಡಿದಾಗ ಮಾತ್ರ ನಿಜ. ಲೋಡ್ ಇದ್ದಾಗ ಟೈರ್ ಇನ್ನೂ ಹಿಡಿಯಲು ರೆಡಿ ಇರುತ್ತೆ, ಆದರೆ ಡ್ರಮ್ಮು (ಗಾಲಿ ಜೊತೆ ತಿರುಗುವ ಡಬ್ಬಿ), ಲೈನರು (ಅದಕ್ಕೆ ಉಜ್ಜಿ ಹಿಡಿಯುವ ಪಟ್ಟಿ) ಕೊಡುವ ಹಿಡಿತ ಅಷ್ಟಕ್ಕೇ ಮುಗಿದಿರುತ್ತೆ. ಖಾಲಿ ಗಾಡಿಯದು ಉಲ್ಟಾ. ಬ್ರೇಕ್ ಜಾಸ್ತಿ, ಟೈರ್ ಹಿಡಿತ ಕಡಿಮೆ. ಜೋರಾಗಿ ತುಳಿದರೆ ಹಿಂದಿನ ಗಾಲಿ ಲಾಕ್ ಆಗಿ ಗಾಡಿ ಅಡ್ಡಡ್ಡ ತಿರುಗುತ್ತೆ. ಅದಕ್ಕೇ ಹಿಂದಿನ ಆ್ಯಕ್ಸಲ್ ಮೇಲೆ ಲೋಡ್ ನೋಡಿ ಬ್ರೇಕಿಗೆ ಗಾಳಿ ಬಿಡುವ ವಾಲ್ವ್ ಕೊಡುವುದು, ಹೊಸ ಗಾಡಿಗೆ ಗಾಲಿ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕೊಡುವುದು. ವಾಲ್ವ್ ಕೆಟ್ಟರೆ ತಂತಿ ಕಟ್ಟಿಕೊಂಡು ಓಡಿಸುವವರಿದ್ದಾರೆ, ಅವರಿಗೆ ಯಾವ ನಿಯಮವೂ ಇಲ್ಲ.

ಕರಿಹಲಗೆ (ರಾಯಚೂರು)
ಮೇಸ್ತ್ರಿಗಳು ನನ್ನ ಅರ್ಧ ಪಾಠ ಮುಗಿಸಿದರು. ಅಂಕಿ ನಾನು ಹಾಕುತ್ತೇನೆ. ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು, ನಿಮ್ಮ ಗಾಡಿಯದು ಬೇರೆ ಇರಬಹುದು.

ಬ್ರೇಕ್ ಕೊಡಬಲ್ಲ ಬಲ ಹೆಚ್ಚೆಂದರೆ 1,40,000 ನ್ಯೂಟನ್ ಅನ್ನಿ. ಒಣ ರೋಡಿನಲ್ಲಿ ಟೈರಿನ ಹಿಡಿತ ಒಂದು ಕೆಜಿಗೆ 7 ನ್ಯೂಟನ್. 28 ಟನ್ ಲೋಡ್ ಗಾಡಿಗೆ ಟೈರ್ 1,96,000 ನ್ಯೂಟನ್ ತಡೆಯುತ್ತದೆ, ಆದರೆ ಬ್ರೇಕ್ ಅಷ್ಟು ಕೊಡುವುದಿಲ್ಲ. ಹಾಗಾಗಿ ಸಿಗುವುದು 1,40,000. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಸಂವೇಗ 2,80,000. ಸಂವೇಗವನ್ನು ಬಲದಿಂದ ಭಾಗಿಸಿ: 2 ಸೆಕೆಂಡ್. 10ರಿಂದ ಸೊನ್ನೆಗೆ ಇಳಿಯುವಾಗ ಸರಾಸರಿ ವೇಗ 5, ಹಾಗಾಗಿ ದೂರ 10 ಮೀಟರ್.

ಖಾಲಿ ಗಾಡಿ 10 ಟನ್. ಸಂವೇಗ 1,00,000. ಟೈರ್ ಹಿಡಿತ 70,000ಕ್ಕೆ ಮುಗಿಯುತ್ತದೆ, ಬ್ರೇಕ್ ಅದಕ್ಕಿಂತ ಜಾಸ್ತಿ ಕೊಟ್ಟರೆ ಗಾಲಿ ಲಾಕ್. ಹದವಾಗಿ ತುಳಿದರೆ 1.4 ಸೆಕೆಂಡ್, 7 ಮೀಟರ್ ಚಿಲ್ಲರೆ. ಯಜಮಾನರ ಕಾಲು ಹೇಳಿದ್ದು ಸರಿ. ಹುಡುಗನ ಲೆಕ್ಕವೂ ಸರಿ, ಲೋಡ್ ಗಾಡಿಯ ಬ್ರೇಕ್ ದೊಡ್ಡದಿದ್ದಿದ್ದರೆ.

ಈಗ ವೇಗ ಡಬಲ್ ಮಾಡಿ, ಗಂಟೆಗೆ 72. ಲೋಡ್ ಗಾಡಿಯ ಸಂವೇಗ ಡಬಲ್, ನಿಲ್ಲುವ ಸಮಯವೂ ಡಬಲ್, 4 ಸೆಕೆಂಡ್. ದೂರ? ಡಬಲ್ ಅಲ್ಲ. 40 ಮೀಟರ್, ನಾಲ್ಕು ಪಟ್ಟು. ಎರಡು ಪಟ್ಟು ಹೊತ್ತು ಓಡುತ್ತದೆ, ಅದೂ ಎರಡು ಪಟ್ಟು ಸರಾಸರಿ ವೇಗದಲ್ಲಿ. ಇದರ ಮೇಲೆ ಕಣ್ಣು ನೋಡಿ ಕಾಲು ತುಳಿಯುವ ಹೊತ್ತಿಗೆ ಹೋಗುವ ದೂರ ಬೇರೆ.

ಬಲ ಎಷ್ಟು ಹೊತ್ತು ಬಿತ್ತು ಅಂತ ಕೇಳಿದರೆ ಉತ್ತರ ಸಂವೇಗದಿಂದ ಬರುತ್ತದೆ. ಎಷ್ಟು ದೂರದವರೆಗೆ ಬಿತ್ತು ಅಂದರೆ ಶಕ್ತಿಯಿಂದ ಬರುತ್ತದೆ. ಓಡುವ ವಸ್ತುವಿನ ತಾಕತ್ತು ಅಳೆಯಲು ಯಾವುದು ಸರಿ ಅಂತ ಯುರೋಪಿನಲ್ಲಿ ದೊಡ್ಡ ಜಗಳವೇ ನಡೆಯಿತು. ಫ್ರಾನ್ಸಿನ ಡೆಕಾರ್ಟ್ ಕಡೆಯವರು ರಾಶಿ ಗುಣಿಸು ವೇಗ ಅಂದರು. ಜರ್ಮನಿಯ ಲೈಬ್ನಿಟ್ಸ್ 1686ರಲ್ಲಿ 'ಅಲ್ಲ, ರಾಶಿ ಗುಣಿಸು ವೇಗದ ವರ್ಗ ಬೇಕು' ಅಂದ. ಎರಡೂ ಬೇಕು, ಎರಡು ಬೇರೆ ಬೇರೆ ಪ್ರಶ್ನೆಗೆ. ಅದರ ಮರುವರ್ಷವೇ, 1687ರಲ್ಲಿ ನ್ಯೂಟನ್ ತನ್ನ ನಿಯಮಗಳನ್ನು ಅಚ್ಚು ಹಾಕಿಸಿದ. ಎರಡನೇ ನಿಯಮವನ್ನು ಈಗ ನಾವು ಬಾಯಿಪಾಠ ಮಾಡಿಸುವ ಹಾಗೆ ರಾಶಿ ಗುಣಿಸು ವೇಗೋತ್ಕರ್ಷ ಅಂತ ಅವನು ಬರೆದಿರಲಿಲ್ಲ. ಹಾಕಿದ ಬಲಕ್ಕೆ ತಕ್ಕಂತೆ ಚಲನೆಯ ಪ್ರಮಾಣ ಬದಲಾಗುತ್ತದೆ ಅಂದ. ಆ 'ಚಲನೆಯ ಪ್ರಮಾಣ'ವೇ ಸಂವೇಗ. ಪಾಠವನ್ನೂ ಅಲ್ಲಿಂದಲೇ ಶುರು ಮಾಡಬೇಕಿತ್ತು ಅಂತ ನನಗೆ ಕೊನೆ ಕೊನೆಯ ವರ್ಷಗಳಲ್ಲಿ ಅನ್ನಿಸಿತು. ಅಷ್ಟರಲ್ಲಿ ನಿವೃತ್ತಿ.

ಹತ್ತು ಗಾಲಿ (ಸಂಡೂರು)
ಆ ನಾಲ್ಕು ಪಟ್ಟು ನೋಡಿ ಮೈ ಜುಮ್ ಅಂತು. ಹೊಸ ಹುಡುಗರಿಗೆ ತೋರಿಸಬೇಕು. ಇನ್ನೊಂದು. ಘಾಟು ಇಳಿಯುವಾಗ ಬ್ರೇಕ್ ಹಿಡಿದೇ ಒಂದೇ ವೇಗದಲ್ಲಿ ಬರುತ್ತೇವೆ. ವೇಗ ಬದಲಾಗುವುದಿಲ್ಲ, ಅಂದರೆ ಬಲ ಇಲ್ಲ ಅಂತಾಯಿತಲ್ಲ. ಮತ್ತೆ ಡ್ರಮ್ ಯಾಕೆ ಕೆಂಡ ಆಗುತ್ತದೆ?

ಕರಿಹಲಗೆ (ರಾಯಚೂರು)
ಬಲ ಇಲ್ಲ ಅಂತಲ್ಲ. ಬಲಗಳ ಮೊತ್ತ ಸೊನ್ನೆ. ಒಂದೇ ಗಾಡಿಯ ಮೇಲೆ ಬಿದ್ದಿವೆ, ಹಾಗಾಗಿ ಇಲ್ಲಿ ವಜಾ ಆಗಬಹುದು. 20 ಅಡಿಗೆ 1 ಅಡಿ ಇಳಿಜಾರು ಅನ್ನಿ. ಭೂಮಿ ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 13,700 ನ್ಯೂಟನ್, ಬ್ರೇಕ್ ಅಷ್ಟನ್ನೇ ಹಿಂದಕ್ಕೆ ಹಿಡಿಯುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಇದು 1,37,000 ವ್ಯಾಟ್. ನೀರು ಕಾಯಿಸುವ ಸಾವಿರ ವ್ಯಾಟಿನ ಕಾಯಿಲ್ 137 ತಂದು ನಿಮ್ಮ ಡ್ರಮ್ಮುಗಳ ಒಳಗೆ ಇಟ್ಟ ಹಾಗೆ. ಗುಡ್ಡ ಮುಗಿಯುವವರೆಗೂ ಆರುವುದಿಲ್ಲ.

ಲೈನರ್ ಮೇಸ್ತ್ರಿ (ಬಳ್ಳಾರಿ)
ಅದಕ್ಕೇ ಬಡಿದುಕೊಳ್ಳುವುದು, ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಸಿ ಅಂತ. ಇಂಜಿನ್ ಒಳ್ಳೆ ಪಾಲು ಹಿಡಿದುಕೊಳ್ಳುತ್ತೆ. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಹಾಕಿದರೆ ಪೂರಾ ಭಾರ ಲೈನರಿಗೆ. ಕಾದು ಡ್ರಮ್ ಹಿಗ್ಗುತ್ತೆ, ಲೈನರ್ ಜಾರುತ್ತೆ, ಪೆಡಲ್ ಇರುತ್ತೆ ಬ್ರೇಕ್ ಇರಲ್ಲ.

ಹಸಿರು ಬಾವುಟ (ಬಳ್ಳಾರಿ)
ನಾನು ಗೂಡ್ಸ್ ಗಾರ್ಡ್ ಆಗಿ ನಿವೃತ್ತಿ. ಲಾರಿಯವರ ಮಾತು ಕೇಳಿ ಸುಮ್ಮನಿರಲು ಆಗಲಿಲ್ಲ. ಅದಿರು ತುಂಬಿದ ಗೂಡ್ಸ್ ಸುಮಾರು 5,000 ಟನ್. ಗಂಟೆಗೆ 54 ಕಿಲೋಮೀಟರ್ ಅಂದರೆ ಸೆಕೆಂಡಿಗೆ 15 ಮೀಟರ್. ಸಂವೇಗ ಏಳೂವರೆ ಕೋಟಿ! ಎರಡು ನಿಮಿಷದಲ್ಲಿ ನಿಂತರೂ 900 ಮೀಟರ್ ಹೋಗಿರುತ್ತದೆ. ಗೇಟ್ ಹಾಕಿದ ಮೇಲೆ ಬೈಕ್ ನುಗ್ಗಿಸುವವರು ಈ ಲೆಕ್ಕ ಒಮ್ಮೆ ಮಾಡಬೇಕು.

ಹೊರಡುವಾಗಲೂ ಒಂದು ತಮಾಷೆ. ವ್ಯಾಗನ್ ವ್ಯಾಗನ್ ನಡುವೆ ಕಪ್ಲಿಂಗ್ ಸ್ವಲ್ಪ ಸಡಿಲ. ಇಂಜಿನ್ ಹೊರಟಾಗ ಮೊದಲನೆಯದು ಅಲುಗುತ್ತದೆ, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಟಕ ಟಕ ಟಕ ಅಂತ ಸದ್ದು ಹಿಂದಕ್ಕೆ ಓಡಿ ಬರುತ್ತದೆ. ಐವತ್ತಕ್ಕೂ ಮೇಲ್ಪಟ್ಟು ವ್ಯಾಗನ್ ದಾಟಿ ಕೊನೆಗೆ ನನ್ನ ಬ್ರೇಕ್ ವ್ಯಾನಿಗೆ ಬರುವಾಗ ಮುಂದಿನವು ಆಗಲೇ ಓಡುತ್ತಿರುತ್ತವೆ. ಝಟ್ಟಂತ ಒಂದು ಜಗ್ಗು! ಚಹಾ ಲೋಟ ಕೈಯಲ್ಲಿದ್ದರೆ ಅಂಗಿಗೆ. ವ್ಯಾನ್ ಮುಂದೆ ಹೋಯಿತು, ಚಹಾ ಇದ್ದಲ್ಲೇ ಇರಲು ನೋಡಿತು. ಜಡತ್ವ ಕಲಿಯಲು ನನಗೆ ಮೇಷ್ಟ್ರು ಬೇಕಾಗಲಿಲ್ಲ, ಅಂಗಿ ಒಗೆಯುವ ನಮ್ಮ ಮನೆಯವಳೇ ಸಾಕಾಯಿತು.

ರ‍್ಯಾಂಕ್ ಹಂಟರ್ (ಬಳ್ಳಾರಿ)
ಇದೆಲ್ಲ ಕೇಳಲು ಚೆಂದ. ನೀಟ್‌ನಲ್ಲಿ ಒಂದು ಪ್ರಶ್ನೆಗೆ ಸಿಗುವುದು ಒಂದು ನಿಮಿಷ. ಫಾರ್ಮುಲಾ ಹಾಕು, ಉತ್ತರ ಟಿಕ್ ಮಾಡು. ಕಾಯಿ ಒಡೆಯುತ್ತಾ ಕೂತರೆ ಪೇಪರ್ ಮುಗಿಯಲ್ಲ.

ಒಂಬತ್ತನೇ ಕ್ಲಾಸು (ಕೊಪ್ಪಳ)
ಈ ಲಾರಿ ಪ್ರಶ್ನೆಗೆ ಯಾವ ಫಾರ್ಮುಲಾ ಹಾಕುತ್ತೀರಪ್ಪಾ?

ರ‍್ಯಾಂಕ್ ಹಂಟರ್ (ಬಳ್ಳಾರಿ)
...ಮೂರನೇ ನಿಯಮ.

ಲಾಸ್ಟ್ ಬೆಂಚ್ (ಗಂಗಾವತಿ)
ನಾನೂ ಹಾಗೇ ಶುರು ಮಾಡಿದ್ದು ಗುರೂ. 😀 ಒಂದು ಮಾತು. ಹೋದ ವಾರ ಆನೆಗೊಂದಿಯಲ್ಲಿ ಹರಿಗೋಲಿನಿಂದ ದಡಕ್ಕೆ ಹಾರಲು ಹೋಗಿ ನೀರಿಗೆ ಬಿದ್ದೆ. ಈಗ ಲೆಕ್ಕ ಮಾಡಿದೆ. ನಾನು 60 ಕೆಜಿ, ಹರಿಗೋಲು ಮತ್ತು ಉಳಿದವರು ಸೇರಿ 240 ಅಂತ ಇಟ್ಟುಕೊಂಡೆ. ನಾನು ಸೆಕೆಂಡಿಗೆ 2 ಮೀಟರ್ ಮುಂದಕ್ಕೆ ಹಾರಿದರೆ ಅದು ಅರ್ಧ ಮೀಟರ್ ಹಿಂದಕ್ಕೆ. ನನ್ನ ಅಂದಾಜೆಲ್ಲ ಹರಿಗೋಲು ನಿಂತೇ ಇರುತ್ತದೆ ಅನ್ನುವುದರ ಮೇಲಿತ್ತು. ಗಟ್ಟಿ ನೆಲದ ಮೇಲೆ ಒದ್ದ ಹಾಗೆ ಒದ್ದೆ, ಅದು ಕಾಲ ಕೆಳಗಿಂದ ಜಾರಿತು. ಅಂಬಿಗಣ್ಣ ಮೊದಲೇ ಹೇಳಿದ್ದರು, ಹಾರಬೇಡ, ಕಾಲಿಟ್ಟು ಇಳಿ ಅಂತ.

ಕರಿಹಲಗೆ (ರಾಯಚೂರು)
ಯಜಮಾನರೇ, ನಿಮ್ಮ ಮೊದಲ ಪ್ರಶ್ನೆಗೆ ಒಂದು ಪರೀಕ್ಷೆ ಹೇಳುತ್ತೇನೆ, ಮನೆಯಲ್ಲೇ ಮಾಡಿ. ಎರಡು ಸ್ಪ್ರಿಂಗ್ ತಕ್ಕಡಿ ತನ್ನಿ, ಕೊಕ್ಕೆ ಇರುವವು. ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ. ಒಂದು ನಿಮ್ಮ ಕೈಯಲ್ಲಿ, ಒಂದು ಮಗಳ ಕೈಯಲ್ಲಿ. ಜಗ್ಗಿ. ಇಬ್ಬರ ತಕ್ಕಡಿ ಏನು ತೋರಿಸುತ್ತದೆ ಓದಿ. ನಿಮ್ಮದರಲ್ಲಿ ಮಗಳಿಗಿಂತ ಜಾಸ್ತಿ ಬರುವಂತೆ ಮಾಡಲು ಆಗುತ್ತದಾ ನೋಡಿ.

ಹತ್ತು ಗಾಲಿ (ಸಂಡೂರು)
ಮುಂದಿನ ಭಾನುವಾರ ಮಾಡುತ್ತೇನೆ. ನಾನೇ ಗೆಲ್ಲುತ್ತೇನೆ, ಬರೆದಿಟ್ಟುಕೊಳ್ಳಿ.

ಹತ್ತು ಗಾಲಿ (ಸಂಡೂರು)
ಭಾನುವಾರ. ಮಾಡಿದೆವು. ನಮ್ಮ ಓಣಿಯ ಗುಜರಿ ಅಂಗಡಿಯಿಂದ ಎರಡು ತಕ್ಕಡಿ ಕೇಳಿ ತಂದೆ. ಮೇಡಂ, ಕ್ಷಮಿಸಿ, ಸಮ ಬರಲಿಲ್ಲ. ಮಗಳದು 12 ಕೆಜಿ, ನನ್ನದು 12 ಕಾಲು. ನಾಲ್ಕು ಸಲ ಮಾಡಿದರೂ ನನ್ನ ಕಡೆ ಕಾಲು ಕೆಜಿ ಜಾಸ್ತಿ. ನಾನು ಮೊದಲೇ ಹೇಳಿದ್ದೆ.

ಲೈನರ್ ಮೇಸ್ತ್ರಿ (ಬಳ್ಳಾರಿ)
ತಕ್ಕಡಿ ಅದಲು ಬದಲು ಮಾಡಿ ನೋಡಿ ಅಣ್ಣಾ. ಗುಜರಿ ತಕ್ಕಡಿ ಅಂದ ಮೇಲೆ...

ಹತ್ತು ಗಾಲಿ (ಸಂಡೂರು)
ಮಾಡಿದೆ. ಈಗ ಮಗಳ ಕಡೆ ಕಾಲು ಕೆಜಿ ಜಾಸ್ತಿ. ಕಾಲು ಕೆಜಿ ತಕ್ಕಡಿಯದು, ನನ್ನದಲ್ಲ.

ನಾನು ಅಷ್ಟಕ್ಕೆ ಬಿಡಲಿಲ್ಲ. ಒಂದು ತಕ್ಕಡಿಯನ್ನು ಟಿಪ್ಪರಿನ ಹಿಂದಿನ ಕೊಂಡಿಗೆ ಕಟ್ಟಿದೆ. ಇನ್ನೊಂದನ್ನು ಮಗಳು ಹಿಡಿದು ಜಗ್ಗಿದಳು. ಗಾಡಿ ಆಫ್, ಹ್ಯಾಂಡ್ ಬ್ರೇಕ್ ಹಾಕಿದೆ, ಚಾಲಕ ಕೆಳಗೆ ನಿಂತಿದ್ದಾನೆ. ಕಾಲು ಕೆಜಿ ಕಳೆದರೆ ಅವಳದು 15, ಗಾಡಿಯದೂ 15. ಅವಳು 18ಕ್ಕೆ ಜಗ್ಗಿದರೆ ಗಾಡಿಯೂ 18. ಸುಮ್ನೆ ನಿಂತ ಗಾಡಿ ನನ್ನ ಮಗಳನ್ನು ಅವಳಷ್ಟೇ ಜಗ್ಗುತ್ತಿದೆ, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ. 28 ಟನ್ನಿನ ಗಾಡಿ, ಆಫ್ ಆಗಿದೆ, ಆದರೂ! ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಹತ್ತು ಗಾಲಿ (ಸಂಡೂರು)
ನಮಸ್ತೆ, ಇದು ಮಗಳು, ಅಪ್ಪನ ಫೋನಿನಿಂದ. ಅಪ್ಪ ಒಂದು ತಪ್ಪು ಬರೆದಿದ್ದಾರೆ, ಗಾಡಿ ಖಾಲಿ ಇತ್ತು, 28 ಟನ್ ಅಲ್ಲ. ತಕ್ಕಡಿ ಹಿಂದಿರುಗಿಸುವಾಗ ಗುಜರಿ ಅಂಗಡಿ ಕಾಕಾಗೆ ಹೇಳಿದೆ, ನಿಮ್ಮ ಒಂದು ತಕ್ಕಡಿ ಏನೂ ನೇತುಹಾಕದೆ ಇದ್ದರೂ ಕಾಲು ಕೆಜಿ ತೋರಿಸುತ್ತೆ ಅಂತ. 'ಅಂದ್ರೆ ಇಷ್ಟು ದಿನ ನಾನು ಗುಜರಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೀನಾ?' ಅಂತ ಅಲ್ಲೇ ಸ್ಕ್ರೂಡ್ರೈವರ್ ಹುಡುಕಲು ಶುರು ಮಾಡಿದರು.